ಟೋಪಿ ತೆಗೆಯದ ತಮ್ಮನಿಗೆ ‘ಒಂದು ಮೊಟ್ಟೆಯ ಕಥೆ’ ತೋರಿಸಲಾ?

ಬೋಳುಗುಡ್ಡ

ಎಲ್ಲರಿಗೂ ನಮಸ್ಕಾರ. ಇದು ಅರ್ಧ ಸಿನಿಮಾ ವಿಷಯ, ಅರ್ಧ ಮನೆ ವಿಷಯ. ಸ್ವಲ್ಪ ಉದ್ದ ಇದೆ, ಟೀ ಹಿಡಿದುಕೊಂಡು ಓದಿ.

ನನ್ನ ಚಿಕ್ಕಪ್ಪನ ಮಗನಿಗೆ ಈಗ 19. ಇಂಜಿನಿಯರಿಂಗ್ ಎರಡನೇ ವರ್ಷ, ಬೆಂಗಳೂರಿನ ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಾನೆ. ಆರು ತಿಂಗಳಿಂದ ತಲೆ ಮೇಲಿನ ಟೋಪಿ ತೆಗೆದಿಲ್ಲ. ಊಟಕ್ಕೂ ಟೋಪಿ, ಟಿವಿ ಮುಂದೆಯೂ ಟೋಪಿ. ನನ್ನ ಹೆಂಡತಿ ಏನೋ ಫ್ಯಾಷನ್ ಅಂದುಕೊಂಡಿದ್ದಳು. ನನಗೆ ಮೊದಲನೇ ದಿನವೇ ಗೊತ್ತಾಯಿತು. ಸ್ನಾನ ಮುಗಿಸಿ ಬಚ್ಚಲಿನ ಜಾಲರಿಯನ್ನು ತಾನೇ ಒರೆಸಿ ಬರುತ್ತಾನೆ. ಉದುರಿದ ಕೂದಲು ಯಾರಿಗೂ ಕಾಣಬಾರದು ಅಂತ. 22ನೇ ವಯಸ್ಸಿನಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ. ನಮ್ಮ ಮನೆತನದ ಆಸ್ತಿ ಇದು. ತೋಟ ಪಾಲಾಗುವಾಗ ಜಗಳವಾಯಿತು, ಇದು ಮಾತ್ರ ಎಲ್ಲರಿಗೂ ಸಮಪಾಲು.

ಅವನಿಗೆ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ ತೋರಿಸೋಣ ಅಂತ ನನ್ನ ಯೋಚನೆ. ನೋಡದವರಿಗಾಗಿ ಎರಡು ಮಾತು. ಜನಾರ್ದನ ಅಂತ ಮಂಗಳೂರಿನ ಒಬ್ಬ ಕನ್ನಡ ಲೆಕ್ಚರರ್. ವಯಸ್ಸು 28, ತಲೆ ಬೋಳು. ಹುಡುಗರು ಗೇಲಿ ಮಾಡುತ್ತಾರೆ. ಮನೆಯವರು ಹೆಣ್ಣು ಹುಡುಕುತ್ತಾರೆ, ಯಾವುದೂ ಕೂಡಿ ಬರುವುದಿಲ್ಲ. ಆಮೇಲೆ ಸರಳಾ ಸಿಗುತ್ತಾಳೆ. ಅವಳಿಗೆ ಇವನ ತಲೆ ಬಗ್ಗೆ ತಕರಾರಿಲ್ಲ. ಆದರೆ ಅವಳು ದಪ್ಪ. ತಕರಾರು ಇರುವುದು ಇವನಿಗೆ.

2017ರ ಜುಲೈನಲ್ಲಿ ಆಫೀಸಿನ ಐದು ಜನರ ಜೊತೆ ನೋಡಿದ್ದೆ. ಮೊದಲರ್ಧದಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ನಾನೇ ನಕ್ಕುಬಿಟ್ಟರೆ ಉಳಿದವರು ನನ್ನ ಕಡೆ ತಿರುಗಿ ನೋಡುವುದಿಲ್ಲ ಅಂತ ಲೆಕ್ಕ. ಸರಳಾ ಬಂದ ಮೇಲೆ ನಗು ನಿಂತಿತು. ಅದರ ಹಿಂದಿನ ಭಾನುವಾರವಷ್ಟೇ ತೀರ್ಥಹಳ್ಳಿ ಕಡೆ ಹೆಣ್ಣು ನೋಡಿಕೊಂಡು ಬಂದಿದ್ದೆ. ಉಪ್ಪಿಟ್ಟು, ಕೇಸರಿಬಾತು ತಿಂದು ಕಾರು ಹತ್ತಿದ ಮೇಲೆ ಅಮ್ಮನಿಗೆ ಹೇಳಿದ್ದೆ, ‘ಬಣ್ಣ ಸ್ವಲ್ಪ ಕಮ್ಮಿ ಅಲ್ವಾ?’ ತಲೆ ಮೇಲೆ ಟೋಪಿ ಇಟ್ಟುಕೊಂಡೇ ಹೇಳಿದ್ದೆ.

ಈ ಸಿನಿಮಾ ನನಗೆ ಕೊಟ್ಟಿದ್ದು ಸಮಾಧಾನ ಅಲ್ಲ, ಒಂದು ಏಟು. ಅದು ಬೇಕಿತ್ತು. ಆದರೆ ಆಗ ನನಗೆ 27. 19ರ ಹುಡುಗನಿಗೆ ಇದು ಒಳ್ಳೆಯದು ಮಾಡುತ್ತಾ, ಇನ್ನೂ ಕುಗ್ಗಿಸುತ್ತಾ? ನೋಡಿದವರು ಹೇಳಿ.

ಕೋರಿರೊಟ್ಟಿ

ಮಾರಾಯ್ರೆ, ಒಳ್ಳೆ ವಿಷಯ ತೆಗೆದಿರಿ. ನಾನು ಮಂಗಳೂರಿನವ. ಮಂಡೆಯಲ್ಲಿ ಕೂದಲು ಉಂಟು, ಆದರೂ ಈ ಸಿನಿಮಾ ನನ್ನದೇ ಅನ್ನಿಸಿತ್ತು. ಕಾರಣ ಬೇರೆ.

ನಮ್ಮ ಕಡೆಯ ಕನ್ನಡ ಸಿನಿಮಾದಲ್ಲಿ ಬರುತ್ತಿದ್ದದ್ದು ಹೇಗೆ ಹೇಳಿ? ಹೋಟೆಲ್ ಭಟ್ಟರು, ಅಡುಗೆಯವರು, ಕಾಮಿಡಿಗೆ ಒಬ್ಬ. ‘ಎಂಥ ಮಾರಾಯ’ ಅಂದರೆ ಸಾಕು, ಜನ ನಗಬೇಕು. ನಾನು ಡಿಗ್ರಿಗೆ ಬೆಂಗಳೂರಿಗೆ ಬಂದಾಗ ಮೊದಲ ವಾರ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಬಿಟ್ಟರೆ ನಗುತ್ತಿದ್ದರು. ಆರು ತಿಂಗಳಲ್ಲಿ ‘ಉಂಟು’ ಬಿಟ್ಟು ‘ಇದೆ’ ಕಲಿತೆ. ಅದೂ ಒಂದು ಟೋಪಿಯೇ ಅಲ್ವಾ?

ಈ ಸಿನಿಮಾದಲ್ಲಿ ಹೀರೋ, ಅವನ ಅಪ್ಪ ಅಮ್ಮ, ಕಾಲೇಜಿನ ಪ್ಯೂನ್, ಎಲ್ಲರೂ ಅದೇ ಕನ್ನಡ ಮಾತಾಡುತ್ತಾರೆ. ಎಲ್ಲರೂ ಹಾಗೇ ಮಾತಾಡಿದರೆ ಭಾಷೆ ತಮಾಷೆ ಆಗುವುದಿಲ್ಲ. ಬೋಳು ತಲೆಯ ಹೀರೋನ ಬಗ್ಗೆ ಎಲ್ಲರೂ ಬರೆದರು, ಈ ಕನ್ನಡ ಮಾತಾಡುವ ಹೀರೋನ ಬಗ್ಗೆ ಬರೆದವರು ಕಡಿಮೆ.

ಪ್ಯೂನ್ ಪಾತ್ರ ಮಾಡಿದ ಪ್ರಕಾಶ್ ತೂಮಿನಾಡು ಅವರನ್ನು ಮರೆಯಬೇಡಿ. ಅವರು ಬಾಯಿ ತೆರೆದರೆ ಥಿಯೇಟರ್ ಬೀಳುತ್ತಿತ್ತು. ತಮ್ಮನಿಗೆ ತೋರಿಸಿ. ಏನೂ ಆಗುವುದಿಲ್ಲ.

ಹಿಂದಿನ ಬೆಂಚು

ಅಣ್ಣಾ, ನನಗೆ 20. ದಯವಿಟ್ಟು ಕೂರಿಸಿ ತೋರಿಸಬೇಡಿ.

‘ಬಾರೋ, ಒಂದು ಒಳ್ಳೆ ಸಿನಿಮಾ ಇದೆ’ ಅಂದ ತಕ್ಷಣ ಅವನಿಗೆ ಗೊತ್ತಾಗುತ್ತೆ. ಟೈಟಲ್ಲೇ ಮೊಟ್ಟೆ! ಎರಡು ಗಂಟೆ ಅವನು ಸಿನಿಮಾ ನೋಡಲ್ಲ, ನೀವು ಅವನನ್ನು ನೋಡ್ತಿದ್ದೀರಾ ಅಂತ ನೋಡ್ತಾನೆ. ನಗೋ ಜಾಗದಲ್ಲಿ ನಗಬೇಕಾ ಬೇಡವಾ ಅಂತ ಲೆಕ್ಕ ಹಾಕ್ತಾನೆ.

ನನಗೆ ಕೂದಲಿನ ಸಮಸ್ಯೆ ಇಲ್ಲ, ಮೊಡವೆ. ಎಂಟನೇ ಕ್ಲಾಸಿನಿಂದ ಇದೆ. ಈಗ ಗುಳಿ ಬಿದ್ದಿದೆ. ನನ್ನ ದೊಡ್ಡಮ್ಮ ಪ್ರತಿ ಸಲ ಸಿಕ್ಕಾಗಲೂ ಪ್ರೀತಿಯಿಂದಲೇ ಒಂದು ಹೊಸ ಮದ್ದು ಹೇಳ್ತಾರೆ. ಅವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನಾನು ರೂಮು ಸೇರಿರ್ತೀನಿ. ಬೈದವರಿಗಿಂತ ಪ್ರೀತಿಯಿಂದ ಸರಿ ಮಾಡೋಕೆ ಬಂದವರೇ ನನಗೆ ಕಷ್ಟ.

ಇನ್ನೊಂದು. ಫ್ರಂಟ್ ಕ್ಯಾಮೆರಾ ಬಗ್ಗೆ ದೊಡ್ಡವರು ಯಾರೂ ಯೋಚನೆ ಮಾಡಲ್ಲ. ನಿಮ್ಮ ಕಾಲದಲ್ಲಿ ಕನ್ನಡಿ ಬಚ್ಚಲಲ್ಲಿತ್ತು. ನಮ್ಮದು ಕೈಯಲ್ಲೇ ಇರುತ್ತೆ, ಆನ್‌ಲೈನ್ ಕ್ಲಾಸಿನಲ್ಲಿ ನಮ್ಮ ಮುಖ ನಾವೇ ಗಂಟೆಗಟ್ಟಲೆ ನೋಡಿಕೊಂಡು ಕೂತಿದ್ದವರು ನಾವು.

ಬೋಳುಗುಡ್ಡ

@ಹಿಂದಿನ ಬೆಂಚು, ಈ ಮಾತು ಚುಚ್ಚಿತು. ಮೊನ್ನೆ ಅವನಿಗೆ ‘ಒಳ್ಳೆ ಡಾಕ್ಟರ್ ಇದ್ದಾರೆ, ಹೋಗೋಣ್ವಾ’ ಅಂದೆ. ‘ಯಾಕೆ?’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಬ್ಬರೂ ಸುಮ್ಮನೆ ಚಪಾತಿ ತಿಂದೆವು.

ಸರಳಾ ಕಡೆಯವಳು

ಒಂದು ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ.

ಈ ಸಿನಿಮಾ ನನಗೆ ಇಷ್ಟ. ಎರಡು ಸಲ ನೋಡಿದ್ದೇನೆ. ಆದರೆ ಇದರ ಬಗ್ಗೆ ಎಲ್ಲಿ ಚರ್ಚೆ ಆದರೂ ಗಂಡಸರು ಜನಾರ್ದನನ ನೋವಿನಿಂದ ಶುರು ಮಾಡಿ ಜನಾರ್ದನನ ಅರಿವಿಗೆ ಮುಗಿಸುತ್ತಾರೆ. ಮಧ್ಯೆ ಸರಳಾ ಬಂದು ಹೋಗುತ್ತಾಳೆ, ಬಸ್ ಸ್ಟಾಪಿನ ಹಾಗೆ.

ಅವನ ತಲೆ ಬಗ್ಗೆ ಅವನಿಗೆ ಏನನ್ನಿಸುತ್ತೆ ಅಂತ ಸಿನಿಮಾ ಪೂರ್ತಿ ಹೇಳುತ್ತೆ. ಅವಳ ಮೈ ಬಗ್ಗೆ ಅವಳಿಗೆ ಏನನ್ನಿಸುತ್ತೆ? ಅವಳು ಸೀರೆ ಉಡುವಾಗ ಎಷ್ಟು ಪಿನ್ನು ಹಾಕುತ್ತಾಳೆ? ಟೈಲರ್ ಅಳತೆ ತೆಗೆದು ನಂಬರನ್ನು ಜೋರಾಗಿ ಹೇಳಿದಾಗ ಅವಳ ಮುಖ ಹೇಗಿರುತ್ತೆ? ಗೊತ್ತಿಲ್ಲ. ಅವಳು ಬಂದಾಗಲೇ ತನ್ನನ್ನು ಒಪ್ಪಿಕೊಂಡು ಬಂದಿದ್ದಾಳೆ. ಇಂಥ ಪಾತ್ರ ಬರೆಯುವುದು ಸುಲಭ. ಹೀರೋಗೆ ಪಾಠ ಕಲಿಸಲು ಒಬ್ಬಳು ಬೇಕು, ಅವಳಿಗೆ ಪಾಠ ಬೇಡ.

ನನ್ನ ಕಥೆ ಕೇಳಿ. ಮೈಸೂರು. ಪಿಯುಸಿಯಿಂದ ದಪ್ಪ. ನನ್ನನ್ನು ನೋಡಲು ಒಟ್ಟು ಹನ್ನೊಂದು ಕಡೆಯವರು ಬಂದಿದ್ದರು. ಅದರಲ್ಲಿ ಮೂವರ ತಲೆಯಲ್ಲಿ ಕೂದಲಿರಲಿಲ್ಲ. ಅದನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ‘ಗಂಡಸರಿಗೆ ಅದೆಲ್ಲ ಏನು’ ಅಂದರು ಅಜ್ಜಿ. ಮೂರೂ ಕಡೆಯಿಂದ ಬಂದ ಉತ್ತರ ಒಂದೇ. ಹುಡುಗಿ ಸ್ವಲ್ಪ ದಪ್ಪ ಆಯಿತು.

@ಬೋಳುಗುಡ್ಡ, ತೀರ್ಥಹಳ್ಳಿಯ ಆ ಹುಡುಗಿಯ ಬಗ್ಗೆ ನೀವು ಬರೆದದ್ದು ಒಂದು ಸಾಲು. ಅವಳು ಆ ದಿನ ಎಷ್ಟು ಹೊತ್ತಿಗೆ ಎದ್ದಿರಬೇಕು ಅಂತ ಯಾವತ್ತಾದರೂ ಯೋಚಿಸಿದ್ದೀರಾ?

ಬೋಳುಗುಡ್ಡ

ಇಲ್ಲ. ಯೋಚಿಸಿಲ್ಲ.

ಒಂದು ನೆನಪಿದೆ. ಅವಳು ಕಾಫಿ ತಂದು ಕೊಟ್ಟಾಗ ಕೈ ನಡುಗಿ ತಟ್ಟೆಗೆ ಚೆಲ್ಲಿತ್ತು. ಆಮೇಲೆ ಅದನ್ನು ಹೇಳಿಕೊಂಡು ನಾವು ದಾರಿಯುದ್ದಕ್ಕೂ ನಕ್ಕಿದ್ದೆವು. ಟೋಪಿ ಹಾರಿ ಹೋಗದಿರಲಿ ಅಂತ ಕಾರಿನ ಗಾಜು ಏರಿಸಿಕೊಂಡು ಕೂತಿದ್ದವನು ನಾನು.

ಮೂರನೇ ಸಾಲು

ಚರ್ಚೆ ಗಂಭೀರವಾಯಿತು. ಸಿನಿಮಾ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಇದು ರಾಜ್ ಬಿ. ಶೆಟ್ಟಿಯವರ ಮೊದಲ ಸಿನಿಮಾ. ಬರೆದವರು, ನಿರ್ದೇಶಿಸಿದವರು, ನಟಿಸಿದವರು ಅವರೇ. ಕ್ಯಾಮೆರಾ ಪ್ರವೀಣ್ ಶ್ರೀಯಾನ್, ಸಂಗೀತ ಮಿಧುನ್ ಮುಕುಂದನ್. ಸ್ಟಾರ್ ಇಲ್ಲದ, ದೊಡ್ಡ ದುಡ್ಡಿಲ್ಲದ ಸಿನಿಮಾ. ಪವನ್ ಕುಮಾರ್ ಅವರ ಸ್ಟುಡಿಯೋ ಬೆನ್ನಿಗೆ ನಿಂತಿದ್ದರಿಂದ ಜನರವರೆಗೆ ಬಂತು. 2013ರಲ್ಲಿ ಪ್ರೇಕ್ಷಕರಿಂದಲೇ ಹಣ ಸೇರಿಸಿ ‘ಲೂಸಿಯಾ’ ಮಾಡಿದ್ದ ಅದೇ ಪವನ್. ‘ಮೊಟ್ಟೆ’ ಇಲ್ಲಿ ಬಿಡುಗಡೆಯಾಗುವ ಮುಂಚೆ ನ್ಯೂಯಾರ್ಕ್‌ನ ಭಾರತೀಯ ಚಿತ್ರೋತ್ಸವದಲ್ಲಿ ತೋರಿಸಿದ್ದರು.

ನನಗೆ ಮುಖ್ಯ ಅನ್ನಿಸಿದ್ದು ಆಮೇಲೆ ಆದದ್ದು. ಈ ಎಳೆ 2019ರಲ್ಲಿ ಎರಡು ಭಾಷೆಗೆ ಹೋಯಿತು. ಮಲಯಾಳಂನಲ್ಲಿ ‘ತಮಾಶ’, ಹಿಂದಿಯಲ್ಲಿ ‘ಉಜಡಾ ಚಮನ್’. ಆ ವರ್ಷದ ನವೆಂಬರ್‌ನಲ್ಲಿ ಬೋಳು ತಲೆಯ ಕಥೆಯೇ ಇರುವ ಇನ್ನೊಂದು ಹಿಂದಿ ಸಿನಿಮಾ ‘ಬಾಲಾ’ ಕೂಡ ಬಂತು. ಹಿಂದಿಯ ಈ ಎರಡೂ ತಂಡದವರಿಗೆ ದೊಡ್ಡ ಜಗಳ, ಒಂದು ವಾರದ ಅಂತರದಲ್ಲಿ ಬಿಡುಗಡೆ. ಬಾಲಿವುಡ್‌ನಲ್ಲಿ ಇಬ್ಬರು ಹೀರೋಗಳು ಬೋಳು ತಲೆಗಾಗಿ ಕಿತ್ತಾಡಿದ್ದು ಅದೇ ಮೊದಲಿರಬೇಕು!

ತಮಾಷೆ ಬಿಡಿ. ಹಿಂದಿಯ ಇಬ್ಬರಿಗೂ ಮೇಕಪ್ಪಿನ ಬೋಳು. ಶೂಟಿಂಗ್ ಮುಗಿದ ಮೇಲೆ ಕಿತ್ತಿಟ್ಟು ಮನೆಗೆ ಹೋಗಬಹುದು. ‘ಬಾಲಾ’ದಲ್ಲಿ ಕಪ್ಪು ಬಣ್ಣದ ಹುಡುಗಿಯ ಪಾತ್ರಕ್ಕೆ ಭೂಮಿ ಪೆಡ್ನೇಕರ್ ಅವರ ಮುಖಕ್ಕೆ ಬಣ್ಣ ಬಳಿದಿದ್ದರು. ಬಣ್ಣದ ತಾರತಮ್ಯ ತಪ್ಪು ಅಂತ ಹೇಳುವ ಸಿನಿಮಾಕ್ಕೆ ಕಪ್ಪು ನಟಿ ಸಿಗಲಿಲ್ವಾ ಅಂತ ಆಗ ಜನ ಕೇಳಿದರು, ಸರಿಯಾಗೇ ಕೇಳಿದರು. ‘ಮೊಟ್ಟೆ’ಯಲ್ಲಿ ಆ ಮೋಸ ಇಲ್ಲ. ಆ ತಲೆ ರಾಜ್ ಶೆಟ್ಟರದ್ದೇ. ಅದೇ ತಲೆಯಲ್ಲಿ 2021ರಲ್ಲಿ ‘ಗರುಡ ಗಮನ ವೃಷಭ ವಾಹನ’ ಮಾಡಿದರು. ಅಲ್ಲಿ ಅವರು ಹುಲಿವೇಷದ ಹೆಜ್ಜೆ ಹಾಕುವಾಗ ಇಡೀ ಥಿಯೇಟರ್ ನಡುಗಿತು. ತಲೆಯ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ನನ್ನನ್ನು ಕೇಳಿದರೆ ತಮ್ಮನಿಗೆ ಅದನ್ನೇ ಮೊದಲು ತೋರಿಸಿ. ರಕ್ತ ಜಾಸ್ತಿ ಇದೆ, ಆದರೆ 19ರವರಿಗೆ ಅದೇ ಬೇಕು.

@ಸರಳಾ ಕಡೆಯವಳು, ನೀವು ಹೇಳಿದ್ದನ್ನು ಮಲಯಾಳಂ ‘ತಮಾಶ’ ಸ್ವಲ್ಪ ಸರಿ ಮಾಡಿದೆ. ಅಲ್ಲಿ ಇಬ್ಬರ ಫೋಟೊ ಫೇಸ್‌ಬುಕ್ಕಿಗೆ ಬಂದು ಜನ ಗೇಲಿ ಮಾಡುತ್ತಾರೆ, ಅದಕ್ಕೆ ಅವಳ ಉತ್ತರ ಇದೆ. ಆದರೆ ಅಲ್ಲೂ ಕಥೆ ಅವನದ್ದೇ.

ಧಾರವಾಡದ ಮೇಷ್ಟ್ರು

ನಾನು ಡಿಗ್ರಿ ಕಾಲೇಜಿನ ಕನ್ನಡ ಮೇಷ್ಟ್ರು ರೀ. ಹತ್ತೊಂಬತ್ತು ವರ್ಷ ಆಯಿತು. ಎಲ್ಲರೂ ತಲೆ ಬಗ್ಗೆ ಮಾತಾಡಿದಿರಿ. ಅವನ ಕೆಲಸದ ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ಜನಾರ್ದನ ಕನ್ನಡ ಕಲಿಸುತ್ತಾನೆ. ಅವನೇ ಇಂಗ್ಲಿಷೋ ಕಾಮರ್ಸೋ ಕಲಿಸಿದ್ದರೆ ಹುಡುಗರು ಆಡಿಕೊಳ್ಳುವ ರೀತಿ ಬೇರೆ ಇರುತ್ತಿತ್ತು. ಕನ್ನಡ ಪೀರಿಯಡ್ ಅಂದರೆ ಕ್ಯಾಂಟೀನ್ ಪೀರಿಯಡ್. ಬೆನ್ನು ತಿರುಗಿಸಿ ಬೋರ್ಡ್ ಮೇಲೆ ಬರೆಯುವಾಗ ಹಿಂದೆ ಏನು ನಡೆಯುತ್ತದೆ ಅಂತ ನಮಗೆ ಗೊತ್ತಿರುತ್ತದೆ. ನಾವು ಗೊತ್ತಿಲ್ಲದವರ ಹಾಗೆ ಹಳಗನ್ನಡ ಬಿಡಿಸುತ್ತಿರುತ್ತೇವೆ.

ಮದುವೆ ಮಾರುಕಟ್ಟೆಯಲ್ಲೂ ಅಷ್ಟೇ ರೀ. ನಮ್ಮ ಕಡೆ ಹುಡುಗಿ ಮನೆಯವರು ಮೊದಲು ಕೇಳುವುದು ನೌಕರಿ ಯಾವುದು, ಆಮೇಲೆ ಹೊಲ ಎಷ್ಟು. ಇವೆರಡೂ ಗಟ್ಟಿ ಇದ್ದರೆ ತಲೆ ಕಡೆ ಯಾರೂ ನೋಡುವುದಿಲ್ಲ. ನನ್ನ ಜೊತೆಯವನೊಬ್ಬನಿಗೆ ಹಣೆಯಿಂದ ನೆತ್ತಿಯವರೆಗೆ ಬಯಲು. ಬ್ಯಾಂಕಿನಲ್ಲಿ ಕೆಲಸ ಸಿಕ್ಕ ತಿಂಗಳಲ್ಲೇ ಲಗ್ನ ಆಯಿತು. ಇನ್ನೊಬ್ಬನಿಗೆ ಕರೀ ಗುಂಗುರು ಕೂದಲು. ಅತಿಥಿ ಉಪನ್ಯಾಸಕ. 38 ಆಯಿತು, ಇನ್ನೂ ಹುಡುಕುತ್ತಿದ್ದಾರೆ. ಹಾಗಾಗಿ ಚಂದದ ಪ್ರಶ್ನೆ ಬರೀ ಚಂದದ ಪ್ರಶ್ನೆ ಅಲ್ಲ. ಸಿನಿಮಾ ಇದನ್ನು ಮುಟ್ಟಿದೆ, ಆದರೆ ಹಗುರಾಗಿ ಮುಟ್ಟಿ ಬಿಟ್ಟಿದೆ.

ಚರ್ಮದ ಡಾಕ್ಟರ್

ಹುಡುಗ ನಿಜವಾಗಿ ಡಾಕ್ಟರ್ ಹತ್ತಿರ ಹೋಗುವ ಮನಸ್ಸು ಮಾಡಿದರೆ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಚರ್ಮರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ವಾರಕ್ಕೆ ಇಂಥ ಹುಡುಗರು ಹತ್ತಾರು ಜನ ಬರುತ್ತಾರೆ. ಮುಕ್ಕಾಲು ಪಾಲು ಟೋಪಿಯಲ್ಲೇ.

ಎಲ್ಲರೂ ಮೊದಲು ಹೇಳುವುದು ‘ಬೆಂಗಳೂರು ನೀರು ಡಾಕ್ಟ್ರೇ’. ಬೋರ್‌ವೆಲ್‌ನ ಗಡಸು ನೀರಿನಿಂದ ಕೂದಲು ಒರಟಾಗಬಹುದು. ಆದರೆ ಹಣೆ ಮೂಲೆಯಿಂದ ಹಿಂದೆ ಸರಿಯುವ, ನೆತ್ತಿಯಲ್ಲಿ ತೆಳುವಾಗುವ ಬೋಳಿಗೆ ಅದು ಕಾರಣ ಅಲ್ಲ. ಹೆಲ್ಮೆಟ್ಟೂ ಅಲ್ಲ. ಅದು ವಂಶದಿಂದ ಬರುವುದು. ಗಂಡು ಹಾರ್ಮೋನಿನಿಂದ ಮೈಯಲ್ಲಿ ಡಿಎಚ್‌ಟಿ ಅನ್ನುವ ಒಂದು ವಸ್ತು ತಯಾರಾಗುತ್ತದೆ. ಕೆಲವರ ಕೂದಲ ಬುಡಗಳಿಗೆ ಅದನ್ನು ಕಂಡರೆ ಆಗುವುದಿಲ್ಲ. ವರ್ಷದಿಂದ ವರ್ಷಕ್ಕೆ ಕೂದಲು ಸಣ್ಣದಾಗುತ್ತಾ ಹೋಗುತ್ತದೆ. ತಲೆಯ ಹಿಂಭಾಗದ ಕೂದಲಿಗೆ ಈ ತೊಂದರೆ ಕಡಿಮೆ. ಅದಕ್ಕೇ ಕಸಿ ಮಾಡುವವರು ಅಲ್ಲಿಂದ ಕಿತ್ತು ಮುಂದೆ ನೆಡುವುದು. ಅಮ್ಮನ ಅಪ್ಪನನ್ನು ನೋಡಿದರೆ ಸಾಕು ಅನ್ನುವ ಮಾತು ಅರ್ಧ ಸತ್ಯ. ಎರಡೂ ಕಡೆಯಿಂದ ಬರಬಹುದು.

ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ. ಆ ಹುಡುಗನಿಗೆ ಇದನ್ನಂತೂ ಹೇಳಿ. ಜಾಲರಿ ಒರೆಸುವವರು ಎಣಿಸುತ್ತಲೂ ಇರುತ್ತಾರೆ.

ಔಷಧಿ ಇದೆ. ಮಿನಾಕ್ಸಿಡಿಲ್ ಮೊದಲು ಬಂದದ್ದು ರಕ್ತದೊತ್ತಡದ ಮಾತ್ರೆಯಾಗಿ. ತೆಗೆದುಕೊಂಡವರಿಗೆ ಮೈಮೇಲೆಲ್ಲ ಕೂದಲು ಬಂದು, ಆಮೇಲೆ ತಲೆಗೆ ಹಚ್ಚುವ ಔಷಧಿಯಾಯಿತು. ಶುರು ಮಾಡಿದ ಮೊದಲ ವಾರಗಳಲ್ಲಿ ಉದುರುವುದು ಜಾಸ್ತಿಯಾಗಬಹುದು. ಹುಡುಗರು ಅಲ್ಲೇ ಹೆದರಿ ಬಿಡುತ್ತಾರೆ. ಫಲ ಕಾಣಲು ತಿಂಗಳುಗಟ್ಟಲೆ ಬೇಕು, ನಿಲ್ಲಿಸಿದರೆ ಬಂದದ್ದು ಹೋಗುತ್ತದೆ. ಫಿನಾಸ್ಟರೈಡ್ ಅನ್ನುವ ಮಾತ್ರೆಯೂ ಇದೆ, ಅಡ್ಡ ಪರಿಣಾಮಗಳಿವೆ. ಅದನ್ನು ಫ್ರೆಂಡ್ ಹೇಳಿದ ಅಂತ ಆನ್‌ಲೈನ್‌ನಲ್ಲಿ ತರಿಸಿಕೊಂಡು ನುಂಗಬಾರದು. 19ಕ್ಕೇ ಕಸಿ ಮಾಡಿಸುತ್ತೇನೆ ಅಂದರೆ ನಾನು ಬೇಡ ಅನ್ನುತ್ತೇನೆ. ಉದುರುವುದು ಇನ್ನೂ ಎಲ್ಲಿಗೆ ನಿಲ್ಲುತ್ತೆ ಗೊತ್ತಿರುವುದಿಲ್ಲ. ನೆಟ್ಟದ್ದು ಉಳಿದು ಸುತ್ತಲಿನದು ಹೋದರೆ ದ್ವೀಪದ ಹಾಗೆ ಕಾಣುತ್ತದೆ.

ಒಂದು ಮಾತು ಸಿನಿಮಾ ಬಗ್ಗೆ. ಔಷಧಿ ತೆಗೆದುಕೊಳ್ಳುವುದು ಬೇರೆ, ತನ್ನನ್ನು ಒಪ್ಪಿಕೊಳ್ಳುವುದು ಬೇರೆ ಅಂತ ಜನ ಜಗಳ ಮಾಡುತ್ತಾರೆ. ನನಗೆ ಹಾಗನ್ನಿಸಿಲ್ಲ. ಕನ್ನಡಕ ಹಾಕುವವರು ಕಣ್ಣನ್ನು ದ್ವೇಷಿಸುತ್ತಾರಾ?

ಬೋಳುಗುಡ್ಡ

@ಚರ್ಮದ ಡಾಕ್ಟರ್, ತುಂಬಾ ಥ್ಯಾಂಕ್ಸ್. ನನ್ನ ಕಾಲದಲ್ಲಿ ಇದನ್ನು ಹೇಳುವವರು ಇರಲಿಲ್ಲ. ನನ್ನ ತಲೆ ಕಂಡದ್ದು ಗರುಗದ ಎಣ್ಣೆ, ದಾಸವಾಳದ ಎಲೆ, ಈರುಳ್ಳಿ ರಸ, ಕೊನೆಗೆ ಕೋಳಿ ಮೊಟ್ಟೆ. ಮೊಟ್ಟೆಗೆ ಮೊಟ್ಟೆ ಹಚ್ಚಿಕೊಂಡು ಬಿಸಿಲಿನಲ್ಲಿ ಕೂತಿದ್ದೆ. ಅಜ್ಜಿ ಬಂದು ನೋಡಿ, ‘ಆಮ್ಲೆಟ್ ಆಗುತ್ತೆ, ಎದ್ದೇಳೋ’ ಅಂದಿದ್ದರು.

ಇನ್ನೊಂದು ನೆನಪು. ಟೋಪಿ ಕಾಲದಲ್ಲೇ ಮನೆಯವರ ಜೊತೆ ತಿರುಪತಿಗೆ ಹೋಗಿದ್ದೆ. ಇದ್ದಬದ್ದದ್ದನ್ನು ಅಲ್ಲಿ ಮುಡಿ ಕೊಟ್ಟೆ. ಎರಡು ದಿನ ಬೆಟ್ಟದ ಮೇಲಿದ್ದೆ. ಗಂಡಸರು, ಹೆಂಗಸರು, ಮಕ್ಕಳು, ಎಲ್ಲರ ತಲೆಯೂ ಗಂಧ ಹಚ್ಚಿಕೊಂಡು ಹೊಳೆಯುತ್ತಿತ್ತು. ನನ್ನನ್ನು ಒಬ್ಬರೂ ತಿರುಗಿ ನೋಡಲಿಲ್ಲ. ಆ ಎರಡು ದಿನ ತಲೆ ಇದೆ ಅನ್ನುವುದೇ ಮರೆತುಹೋಗಿತ್ತು. ಬಸ್ಸು ಕೆಳಗಿಳಿದು ತಿರುಪತಿ ಊರಿಗೆ ಬಂದ ತಕ್ಷಣ ಟೋಪಿ ಹುಡುಕಿದೆ.

ಕೋರಿರೊಟ್ಟಿ

ದೇವರ ವಿಷಯ ಬಂತಲ್ಲ, ಹಾಗಾದರೆ ಅಣ್ಣಾವ್ರ ವಿಷಯವೂ ಬರಲಿ. ಜನಾರ್ದನ ರಾಜ್‌ಕುಮಾರ್ ಭಕ್ತ. ಸುಮ್ನೆ ಅಭಿಮಾನಿಗಳನ್ನು ಮೆಚ್ಚಿಸಲಿಕ್ಕೆ ಹಾಕಿದ್ದು ಅಂತ ನಾನು ಮೊದಲು ಅಂದುಕೊಂಡಿದ್ದೆ. ಆಮೇಲೆ ಹೊಳೆಯಿತು. ರಾಜ್‌ಕುಮಾರ್ ತೆರೆ ಮೇಲೆ ವಿಗ್ ಹಾಕುತ್ತಿದ್ದರು. ಹೊರಗೆ ಬಂದರೆ ಬಿಳಿ ಪಂಚೆ, ಬಿಳಿ ಶರ್ಟು, ಇದ್ದ ತಲೆ ಇದ್ದ ಹಾಗೆ. ಇಡೀ ಕರ್ನಾಟಕ ಆ ತಲೆಯನ್ನು ನೋಡಿ ಕೈ ಮುಗಿಯಿತು. ಜನಾರ್ದನ ಗೋಡೆ ಮೇಲೆ ಯಾವ ರಾಜ್‌ಕುಮಾರ್‌ನ ನೋಡಿಕೊಂಡು ಕೂತಿದ್ದ ಅನ್ನುವುದೇ ಪ್ರಶ್ನೆ ಮಾರಾಯ್ರೆ.

ಮೂರನೇ ಸಾಲು

ಇದು ಬಹಳ ಚೆನ್ನಾಗಿದೆ. ನಿರ್ದೇಶಕರು ಇದನ್ನೇ ಯೋಚಿಸಿದ್ದರಾ ಗೊತ್ತಿಲ್ಲ, ಆದರೆ ಇನ್ನು ನನಗೆ ಬೇರೆ ಥರ ನೋಡಲು ಆಗಲ್ಲ.

ಒಂದು ಅನುಮಾನ. ಇದನ್ನು ಹುಡುಗ ದೊಡ್ಡವನಾಗುವ ಕಥೆ ಅನ್ನಬಹುದಾ? ಅಂಥ ಸಿನಿಮಾಗಳಲ್ಲಿ ಹೀರೋಗೆ ಹದಿನೈದೋ ಹದಿನೆಂಟೋ ಇರುತ್ತೆ. ಇಲ್ಲಿ 28.

ಹಿಂದಿನ ಬೆಂಚು

28ಕ್ಕೂ ಅಮ್ಮನೇ ಹುಡುಗಿ ಹುಡುಕಿ, ಅಮ್ಮನೇ ಫೋಟೊ ತೋರಿಸಿ, ಅಮ್ಮನೇ ಬೇಡ ಅನ್ನೋ ಮನೆಯಲ್ಲಿ 28 ಅಂದರೆ 15ರ ಲೆಕ್ಕ ಸಾರ್ 😄

ಧಾರವಾಡದ ಮೇಷ್ಟ್ರು

ಹುಡುಗ ಸರಿಯಾಗಿ ಹೇಳಿದ. ನಮ್ಮಲ್ಲಿ ಓದು ಮುಗಿಯುವವರೆಗೆ ಯಾರಿಗೂ ತಮ್ಮ ಮುಖದ ಬಗ್ಗೆ ಯೋಚಿಸಲು ಬಿಡುವುದಿಲ್ಲ. ‘ಕನ್ನಡಿ ಮುಂದೆ ಏನು ಕೆಲಸ, ಹೋಗಿ ಓದು’ ಅಂತೇವೆ. ಆಮೇಲೆ ಒಂದು ಭಾನುವಾರ ಇದ್ದಕ್ಕಿದ್ದ ಹಾಗೆ ಜರಿ ಪಂಚೆ ಉಡಿಸಿ ಹತ್ತು ಜನರ ಮುಂದೆ ಕೂರಿಸುತ್ತೇವೆ.

ಸರಳಾ ಕಡೆಯವಳು

ಗಂಡು ಮಕ್ಕಳಿಗೆ 28ಕ್ಕೆ ಬರುವ ಆ ಭಾನುವಾರ ನಮಗೆ ಆರನೇ ಕ್ಲಾಸಿಗೇ ಬಂದಿರುತ್ತೆ ಮೇಷ್ಟ್ರೇ. ‘ಬಿಸಿಲಲ್ಲಿ ಆಡಬೇಡ, ಕಪ್ಪಾಗ್ತೀಯ.’ ಬಣ್ಣ ಬಿಳಿ ಮಾಡುವ ‘ಫೇರ್ ಆಂಡ್ ಲವ್ಲಿ’ ಕ್ರೀಮ್ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಅದರ ಹೆಸರಿನಿಂದ ‘ಫೇರ್’ ಅನ್ನುವ ಪದ ತೆಗೆಯಲು 2020 ಬರಬೇಕಾಯಿತು. ನಲವತ್ತೈದು ವರ್ಷ. ನನ್ನ ಅಮ್ಮ, ನಾನು, ನನ್ನ ಅಕ್ಕನ ಮಗಳು, ಮೂವರೂ ಅದೇ ಟ್ಯೂಬನ್ನು ಕೊನೆಯವರೆಗೆ ಹಿಂಡಿದವರು. ಹೆಸರು ಬದಲಾಯಿತು, ಟ್ಯೂಬ್ ಇನ್ನೂ ಅಂಗಡಿಯಲ್ಲಿದೆ.

ಅದಿರಲಿ. ನನ್ನ ಮೊದಲ ಪೋಸ್ಟ್ ಸ್ವಲ್ಪ ಖಾರ ಆಯಿತು. ಒಂದು ವಿಷಯದಲ್ಲಿ ನಾನು ಈ ಸಿನಿಮಾಕ್ಕೆ ಋಣಿ. ಸರಳಾಳಂಥವರು ತಿನ್ನುವುದನ್ನು, ನಡೆಯುವುದನ್ನು, ಕೂರುವುದನ್ನು ಇಟ್ಟುಕೊಂಡು ಜೋಕ್ ಮಾಡುವ ಕನ್ನಡ ಸಿನಿಮಾಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಅಲ್ಲೆಲ್ಲ ದಪ್ಪ ಹುಡುಗಿ ಅಂದರೆ ಹೀರೋಯಿನ್ ಪಕ್ಕದ ಗೆಳತಿ, ಹಾಸಿಗೆ ಮುರಿಯುವವಳು. ಇಲ್ಲಿ ಅವಳಿಗಾಗಿ ಒಬ್ಬ ಬರಬೇಕೋ ಬೇಡವೋ ಅನ್ನುವುದು ಕಥೆಯ ಪ್ರಶ್ನೆ. ಅಷ್ಟಾದರೂ ಮುಂದೆ ಬಂದೆವು. ನನ್ನ ಜಗಳ ಇರುವುದು ಅವಳು ಒಳ್ಳೆಯವಳಾಗಿದ್ದಕ್ಕೇ ಗೆದ್ದಳು ಅನ್ನುವುದರ ಜೊತೆ. ಸಿಡುಕಿಯಾಗಿದ್ದರೆ? ನಾನು ಸಿಡುಕಿ.

ಬೋಳುಗುಡ್ಡ

ಎರಡು ವಾರ ಆಯಿತು, ಏನಾಯಿತು ಅಂತ ಹೇಳಬೇಕು.

ಹಿಂದಿನ ಬೆಂಚಿನವರ ಮಾತು ಕೇಳಿ ನಾನು ತೋರಿಸಲಿಲ್ಲ. ಹೆಂಡತಿಯ ಜೊತೆ ನಾನೇ ಕೂತು ನೋಡಿದೆ. ಹಾಲಿನಲ್ಲಿ, ಸೌಂಡು ಸ್ವಲ್ಪ ಜೋರಾಗಿ ಇಟ್ಟು. ಅವನು ನೀರು ಕುಡಿಯುವ ನೆಪದಲ್ಲಿ ಮೂರು ಸಲ ಬಂದ. ನಾಲ್ಕನೇ ಸಲ ಬಂದವನು ಡೈನಿಂಗ್ ಟೇಬಲ್ ಕುರ್ಚಿಯಲ್ಲಿ ಕೂತ. ನಾವು ತಿರುಗಲಿಲ್ಲ. ಪ್ಯೂನ್ ಮಾತಿಗೆ ಒಂದು ಸಲ ನಕ್ಕಿದ್ದು ಕೇಳಿಸಿತು. ಕೊನೆಯವರೆಗೂ ಕೂತಿದ್ದ.

ಮುಗಿದ ಮೇಲೆ ನನ್ನ ಹೆಂಡತಿ ಕೇಳಿದಳು, ‘ನೀವು ನನ್ನನ್ನು ನೋಡೋಕೆ ಬಂದ ದಿನ ಕಾರಿನಲ್ಲಿ ಏನು ಮಾತಾಡಿಕೊಂಡು ಹೋದಿರಿ?’ ಎಂಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ತೀರ್ಥಹಳ್ಳಿಯ ಕಥೆ ಬರೆದೆನಲ್ಲ, ಕಾಫಿ ಚೆಲ್ಲಿದ ಹುಡುಗಿ, ಅವಳೇ ಇವಳು. ಎರಡು ತಿಂಗಳ ನಂತರ ನಾನೇ ಹಠ ಹಿಡಿದು ಮತ್ತೆ ಕೇಳಿ ಕಳಿಸಿದ್ದೆ. ಟೋಪಿ ಇಲ್ಲದೆ ಹೋಗಿದ್ದೆ. ಇಷ್ಟು ದಿನ ಅವಳಿಗೆ ಬರೀ ಎರಡನೇ ಸಲದ ಕಥೆ ಗೊತ್ತಿತ್ತು. ಆ ರಾತ್ರಿ ಮೊದಲನೆಯದನ್ನೂ ಹೇಳಿದೆ. ತಮ್ಮ ಅಲ್ಲೇ ಕೂತಿದ್ದ, ಎದ್ದು ಹೋಗಲಿಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ‘ನಮ್ಮ ಮನೆಯಲ್ಲೂ ನೀವು ಹೋದ ಮೇಲೆ ನಿಮ್ಮ ಟೋಪಿ ಬಗ್ಗೆ ನಕ್ಕಿದ್ವಿ’ ಅಂದಳು. @ಸರಳಾ ಕಡೆಯವಳು, ಎಷ್ಟು ಹೊತ್ತಿಗೆ ಎದ್ದಿದ್ದೆ ಅಂತ ಕೇಳಿದೆ. ನಾಲ್ಕೂವರೆಗಂತೆ. ಕಡಲೆಹಿಟ್ಟು, ಅರಿಶಿನ, ಮೊಸರು, ಮುಖಕ್ಕೆ ಎರಡು ಸಲ.

ಸರಳಾ ಕಡೆಯವಳು

ನಾಲ್ಕೂವರೆ. ನಾನು ಐದು ಅಂದುಕೊಂಡಿದ್ದೆ.

ಅವರಿಗೆ ನನ್ನ ನಮಸ್ಕಾರ ಹೇಳಿ.

ಚರ್ಮದ ಡಾಕ್ಟರ್

ತಮ್ಮ ಏನಂದ?

ಬೋಳುಗುಡ್ಡ

ಸಿನಿಮಾ ಬಗ್ಗೆ ಏನೂ ಅನ್ನಲಿಲ್ಲ. ಮಾರನೇ ದಿನ ತಿಂಡಿ ತಿನ್ನುವಾಗ, ‘ಅಣ್ಣ, ಆ ಡಾಕ್ಟರ್ ಶನಿವಾರ ಇರ್ತಾರಾ?’ ಅಂದ. ಅಷ್ಟೇ. ನೀವು ಹೇಳಿದ 50ರಿಂದ 100ರ ಲೆಕ್ಕ ಹೇಳಿದೆ. ‘ನನ್ನದು 130’ ಅಂದ. ಎಣಿಸುತ್ತಿದ್ದಾನೆ!

ಟೋಪಿ ಮಾತ್ರ ತೆಗೆದಿಲ್ಲ. ಮಲಗುವಾಗಲೂ ಹಾಕಿಕೊಂಡಿರುತ್ತಾನೆ.

ಕೋರಿರೊಟ್ಟಿ

ಫ್ಯಾನ್ ಕೆಳಗೆ ಮಲಗುತ್ತಾನಾ? ಹಾಗಾದರೆ ಇರಲಿ ಬಿಡಿ ಮಾರಾಯ್ರೆ. ನಿಮ್ಮ ಬೆಂಗಳೂರಿನ ಚಳಿಗೆ ಮಂಡೆ ತಂಪಾಗುತ್ತದೆ.